ಬಾಣಂತಿ ಓದಬಾರದೆಂದು ಬೀಗತಿ ಹಾಕಿದ ಆಣೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಂದೆ ಬರುವುದೆಲ್ಲ ಸಿಟ್ಟಿನ ಮಾತು, ಅದರ ನಡುವೆ ಈ ಸಿಹಿ ಮಾತು ಎಲ್ಲಿಯಾದರೂ ಮುಚ್ಚಿಹೋದೀತು. ಹುಟ್ಟಿದಾಗಲೇ ತಲೆ ತುಂಬ ಕೂದಲು. ಉಗುರುಗಳೋ ಜೋಳದ ನುಚ್ಚಿನಷ್ಟು. ಆಕಳಿಸಿದರೆ ಮುಖವೆಲ್ಲ ಬಾಯಿ. ರೋಣದ ನಮ್ಮ ಓಣಿಯಲ್ಲಿ ಸಕ್ಕರೆ ಹಂಚಲು ನಾನು ಚಪ್ಪಲಿ ಕೂಡ ಮೆಟ್ಟದೆ ಓಡಿದೆ.

"ಗಂಡೋ ಹೆಣ್ಣೋ?" ಎಂದು ಒಬ್ಬಾಕೆ ಕೇಳಿದಳು.

"ಹೆಣ್ಣು."

"ಹೋಗ್ಲಿ ಬಿಡ್ರಿ. ಮುಂದಿನ ಸಲ ಆದೀತು."

ಅವಳ ಅಂಗೈಯಲ್ಲಿ ಇಟ್ಟಿದ್ದ ಸಕ್ಕರೆಯನ್ನು ಬಳಿದುಕೊಂಡು ಪಕ್ಕದ ಮನೆಗೆ ಕೊಟ್ಟೆ. ಅಂದಿನಿಂದ ಶುರುವಾದ ಸಿಟ್ಟು ಇದು, ಇನ್ನೂ ಪೂರ್ತಿ ಇಳಿದಿಲ್ಲ. ಸಂತೋಷವೂ ಇಳಿದಿಲ್ಲ. ಎರಡೂ ಒಂದೇ ಒಲೆಯ ಮೇಲೆ ಕುದಿಯುತ್ತಿವೆ.

ನಾನು ಬೆಳವಣಕಿಯ ಸಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಕಲಿತವಳು. ಆಮೇಲೆ ಮನೆಯಲ್ಲಿ ತಮ್ಮಂದಿರನ್ನು ಎತ್ತಿಕೊಳ್ಳಲು ಒಂದು ಸೊಂಟ ಬೇಕಾಗಿತ್ತು, ನನ್ನದು ಸಿಕ್ಕಿತು. ಓದಲು ಬರುತ್ತದೆ, ಆದರೆ ಸಾಲಿನ ಕೆಳಗೆ ಬೆರಳು ಇಡಬೇಕು. ಒತ್ತಕ್ಷರ ಬಂದರೆ ದಾರದಲ್ಲಿ ಗಂಟು ಬಿದ್ದ ಹಾಗೆ ಅಲ್ಲೇ ನಿಲ್ಲುತ್ತೇನೆ. ಇದನ್ನು ಬರೆಯುತ್ತಿರುವುದು ಮಗಳ ಒತ್ತಾಯಕ್ಕೆ. ತಪ್ಪುಗಳನ್ನು ಅವಳು ತಿದ್ದುತ್ತಾಳೆ. ಬೈಗುಳಕ್ಕೆ ಮಾತ್ರ ಕೈ ಹಚ್ಚಕೂಡದು ಎಂದು ಹೇಳಿಟ್ಟಿದ್ದೇನೆ.

ಅಕ್ಷರದಲ್ಲಿ ನಾನು ಬಡವಿಯಾದರೂ ಸೂಜಿಯಲ್ಲಿ ಅಲ್ಲ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದರಲ್ಲಿ ನನ್ನ ಕೈ ನಡೆದಷ್ಟು ಓಣಿಯಲ್ಲಿ ಯಾರ ಕೈಯೂ ನಡೆಯುವುದಿಲ್ಲ. ಇದನ್ನು ಜಂಬ ಎಂದುಕೊಳ್ಳುವವರು ನಮ್ಮ ಮನೆಗೆ ಬಂದು ಹೊದ್ದುಕೊಂಡು ನೋಡಲಿ. ಮಗಳು ಏಳು ತಿಂಗಳ ಬಸುರಿಯಾದಾಗ ಹೆರಿಗೆಗೆಂದು ಗಜೇಂದ್ರಗಡದ ಗಂಡನ ಮನೆಯಿಂದ ನಮ್ಮಲ್ಲಿಗೆ ಬಂದಳು. ಬರುವಾಗ ಒಂದು ಚೀಲದಲ್ಲಿ ಬಟ್ಟೆ, ಎರಡು ಚೀಲದಲ್ಲಿ ಪುಸ್ತಕ. ಸಣ್ಣವಳಿದ್ದಾಗಿನಿಂದ ಅವಳು ಹಾಗೇ. ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತ ಓದುತ್ತಿದ್ದಳು, ಸಾರು ಉಕ್ಕಿದರೆ ಪುಸ್ತಕವನ್ನು ಮಾತ್ರ ಎತ್ತಿ ಪಕ್ಕಕ್ಕಿಡುತ್ತಿದ್ದಳು.

ಮಧ್ಯಾಹ್ನ ಊಟ ಮುಗಿದ ಮೇಲೆ ನಾನು ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕೂಡುತ್ತಿದ್ದೆ. ಹುಟ್ಟುವ ಕೂಸಿನ ಕೌದಿ. ಅದಕ್ಕೆ ಹೊಸ ಬಟ್ಟೆ ನಡೆಯುವುದಿಲ್ಲ, ಚುಚ್ಚುತ್ತದೆ. ಹತ್ತಾರು ವರ್ಷ ಉಟ್ಟು, ಒಗೆದು, ಕೆನೆಯ ಹಾಗೆ ಮೆತ್ತಗಾದ ಸೀರೆಯೇ ಬೇಕು. ನನ್ನ ಅವ್ವನ ಒಂದು ಸೀರೆ ಇತ್ತು. ಚಿಕ್ಕನರಗುಂದದ ಅಕ್ಕ ತನ್ನದೊಂದು ಕೊಟ್ಟಿದ್ದಳು. ತಂದೆಯ ಕಡೆಯದೂ ಒಂದು ಇರಲಿ, ಕೂಸು ಎರಡೂ ಮನೆಯದಲ್ಲವೇ ಎಂದು ಗಜೇಂದ್ರಗಡದ ಬೀಗತಿಗೆ, ಅಂದರೆ ಮಗಳ ಅತ್ತೆಗೆ, ಫೋನ್ ಹಚ್ಚಿ ಒಂದು ಹಳೆಯ ಸೀರೆ ಕೇಳಿದೆ. ಅವರದು ಅರಿವೆ ಅಂಗಡಿ. ಎಂಟು ದಿನಕ್ಕೆ ಒಂದು ಹೊಸ ಸೀರೆ ಬಂತು, ಪ್ಲಾಸ್ಟಿಕ್ ಚೀಲ ಕೂಡ ಒಡೆದಿರಲಿಲ್ಲ. ಅದರ ಜೊತೆಗೆ ಮಾತು: "ನಮ್ಮ ಮನ್ಯಾಗ ಹಳೇದು ಕೊಡೂ ಪದ್ಧತಿ ಇಲ್ಲ."

ನಾನೇನು ಉಡಲು ಬಟ್ಟೆ ಇಲ್ಲದೆ ಕೈ ಚಾಚಿದ್ದೆನೆ? ಆ ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ನನ್ನದೇ ಎರಡು ಸೀರೆ ಹಾಸಿ ಹೊಲಿಯಲು ಶುರು ಮಾಡಿದೆ.

ನಾನು ಹೊಲಿಯುವುದು, ಅವಳು ಓದುವುದು. ಗ್ರಂಥಾಲಯದಿಂದ ತಂದ ಒಂದು ದಪ್ಪ ಕಾದಂಬರಿ, ಮುಂದಿನ ರಟ್ಟು ಹರಿದುಹೋಗಿತ್ತು, ಹೆಸರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕತೆ ಇಬ್ಬರು ಅಣ್ಣತಮ್ಮಂದಿರದು. ಅಣ್ಣ ದುಡಿಯುತ್ತಾನೆ, ತಮ್ಮ ಕುಣಿಯುತ್ತಾನೆ, ಅವರ ಸೋದರತ್ತೆಯೆಂಬ ಮುದುಕಿ ತಮ್ಮನಿಗೆ ಮಾತ್ರ ತುಪ್ಪ ಬಡಿಸುತ್ತಾಳೆ. ನನಗೆ ಸುಮ್ಮನೆ ಕೇಳಲು ಬರುವುದಿಲ್ಲ.

"ತಡಿ ತಡಿ, ಆ ಮುದುಕಿ ಏನಂದ್ಲು? ಇನ್ನೊಮ್ಮೆ ಓದು."

"'ದೊಡ್ಡವನಿಗೆ ಮಜ್ಜಿಗೆ ಸಾಕು' ಅಂದ್ಲು."

"ಆಕಿ ಬಾಯಾಗ ಮಣ್ಣ ಹಾಕ! ದೊಡ್ಡಾವ ಏನಂದ?"

"ಏನೂ ಅನ್ಲಿಲ್ಲ. ಉಂಡು ಎದ್ದ."

"ಅವಗೂ ಎರಡು ಬಡೀಬೇಕು."

ಮಗಳು ಹೊಟ್ಟೆ ಹಿಡಿದುಕೊಂಡು ನಗುವಳು. "ಯವ್ವಾ, ನಗಿಸಬ್ಯಾಡ, ಇಲ್ಲೇ ಹಡೀತೀನಿ" ಎನ್ನುವಳು. ಆ ತಿಂಗಳುಗಳಷ್ಟು ಚಲೋ ದಿನಗಳನ್ನು ನಾನು ಕಂಡಿರಲಿಲ್ಲ. ಸಿಟ್ಟು ಬಂದಾಗ ನನ್ನ ಹೊಲಿಗೆ ಬಿಗಿಯಾಗುತ್ತದೆ. ಆ ಕೌದಿಯ ಮೊದಲ ಅರ್ಧ ಎಷ್ಟು ಬಿಗಿಯಾಗಿದೆಯೆಂದರೆ ಹಲಗೆಯ ಹಾಗೆ ನಿಲ್ಲಿಸಬಹುದು.

ಕೌದಿ ಅರ್ಧ, ಕಾದಂಬರಿ ಅರ್ಧ ಆಗಿರುವಾಗ ಹೆರಿಗೆ ಆಯಿತು. ತಾಯಿಗೂ ಕೂಸಿಗೂ ಏನೂ ತೊಂದರೆ ಆಗಲಿಲ್ಲ. ದವಾಖಾನೆಯಿಂದ ಮನೆಗೆ ಕರೆತಂದೆವು. ಅವಳು ಮಲಗುವ ಹೊರಸಿನ ಕೆಳಗೆ ಕೆಂಡ ಇಟ್ಟೆ, ಕಿವಿಗೆ ಅರಳೆ ತುರುಕಿ ಮೇಲೆ ಬಿಗಿಯಾಗಿ ಅರಿವೆ ಕಟ್ಟಿದೆ, ಅಂಟಿನ ಉಂಡಿ ಕಟ್ಟಿದೆ, ಅಳವಿ ಪಾಯಸ ಮಾಡಿದೆ. ಕೂಸು ನಿದ್ದೆ ಹೋದಾಗ ಅವಳು ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದು ಒಂದೆರಡು ಪುಟ ನೋಡಿ ಮತ್ತೆ ಇಡುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಹೆತ್ತವಳು ತುಸು ನಗುತ್ತಿದ್ದರೆ ಹಾಲು ತಾನೇ ಬರುತ್ತದೆ.

ಐದೇಶಿಯ ದಿನ, ಅಂದರೆ ಐದನೆಯ ದಿನದ ಪೂಜೆಗೆ, ಬೀಗತಿ ಬಂದಳು. ದಪ್ಪ ಗಾಜಿನ ಕನ್ನಡಕ, ಕೈ ತುಂಬ ಬಳೆ, ಹಿಂದೆ ನಾಲ್ಕು ಮಂದಿ ಹೆಣ್ಣುಮಕ್ಕಳು. ಕೂಸನ್ನು ಎತ್ತಿ ಮುದ್ದಾಡಿದಳು, ಅದರಲ್ಲಿ ಸುಳ್ಳು ಹೇಳುವುದಿಲ್ಲ. ಆಮೇಲೆ ಸೊಸೆಯ ದಿಂಬು ಸರಿಮಾಡಲು ಹೋದಾಗ ಕೈಗೆ ಪುಸ್ತಕ ಸಿಕ್ಕಿತು.

"ಇದೇನ್ರಿ ಅಕ್ಕಾರ? ಬಾಣಂತಿ ತಲಿದಿಂಬಿನ ಬುಡಕ ಮಂದಿ ಕಬ್ಬಣ ಇಡ್ತಾರ. ನೀವು ಪುಸ್ತಕ ಇಟ್ಟೀರಿ?"

"ಬ್ಯಾಸರ ಕಳೀಲಿ ಅಂತ ನೋಡ್ತಾಳ್ರಿ" ಎಂದೆ.

"ಬ್ಯಾಸರಾ! ಕಣ್ಣು ಹೋದ್ರ ಯಾರು ಕೊಡ್ತಾರ? ಹಸಿ ಮೈ ಅದು. ಹಸಿ ಬಾಣಂತಿ ಅಕ್ಷರ ನೋಡಬಾರ್ದು, ಸೂಜಿ ಹಿಡೀಬಾರ್ದು. ನಿಮ್ಮ ಊರಾಗ ಇದೂ ಗೊತ್ತಿಲ್ಲೇನು?"

ನಮ್ಮ ಊರು! ರೋಣಕ್ಕೂ ಗಜೇಂದ್ರಗಡಕ್ಕೂ ಬಸ್ಸಿನಲ್ಲಿ ಒಂದು ನಿದ್ದೆಯಷ್ಟೂ ದೂರವಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಅವಳು ಸೊಸೆಯ ಕೈ ಹಿಡಿದು ಕೂಸಿನ ನೆತ್ತಿಯ ಮೇಲೆ ಇಟ್ಟುಬಿಟ್ಟಳು.

"ನಮ್ಮ ಮನಿಗೆ ಬರೂತನಕಾ ಅಕ್ಷರಕ್ಕ ಕಣ್ಣು ಹಚ್ಚೂದಿಲ್ಲ ಅಂತ ಕೂಸಿನ ಆಣಿ ಮಾಡು."

ಅಷ್ಟು ಮಂದಿಯ ಎದುರಿಗೆ, ಮೈಯಲ್ಲಿ ಶಕ್ತಿ ಇಲ್ಲದ ಹುಡುಗಿ ಏನು ಮಾಡಿಯಾಳು? "ಆಣಿ" ಎಂದಳು. ಬೀಗತಿ ಪುಸ್ತಕವನ್ನು ಜೋಳದ ಕಣಜದ ಮೇಲೆ ಎಸೆದ ಹಾಗೆ ಇಟ್ಟು, ಕೈ ಝಾಡಿಸಿಕೊಂಡು ಊಟಕ್ಕೆ ಕುಳಿತಳು. ನಾನೇ ಬಡಿಸಿದೆ. ತುಪ್ಪವನ್ನೂ ಬಡಿಸಿದೆ. ಬೀಗರಿಗೆ ಬಡಿಸದಿದ್ದರೆ ನಾಲ್ಕೂರಿಗೆ ಸುದ್ದಿಯಾಗುತ್ತದೆ.

ಅವರು ಹೋದ ಕೂಡಲೆ ಕಣಜದ ಮೇಲಿನಿಂದ ಪುಸ್ತಕ ಇಳಿಸಿ, ಧೂಳು ಒರೆಸಿ ಮಗಳ ಮುಂದೆ ಹಿಡಿದೆ.

"ತಗೊ. ಆಕಿ ಬಸ್ ಹತ್ತಿದ್ಲು."

ಮಗಳು ಮುಖ ಆ ಕಡೆ ತಿರುಗಿಸಿದಳು. "ಬ್ಯಾಡವ್ವ. ಕೂಸಿನ ಆಣಿ ಐತಿ."

"ಅದೇನು ಹರಕತ್ತಿಲ್ಲ. ಒತ್ತಾಯದ ಆಣಿಗೆ ಬೆಲಿ ಇಲ್ಲ."

"ಬೆಲಿ ಇಲ್ಲ ಅಂತ ನೀ ಕೂಸಿನ ತಲಿ ಮುಟ್ಟಿ ಹೇಳ್ತಿ?"

ಪುಸ್ತಕವನ್ನು ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟೆ. ಆಣೆಯನ್ನು ಹಾಕಿದವರೇ ಬಿಡಿಸಬೇಕು. ಬಿ.ಎ. ಓದಿದ ಮಗಳಿಗೂ ಮೂರನೆಯ ಇಯತ್ತೆಯ ತಾಯಿಗೂ ಅದರ ಭಯ ಒಂದೇ. ಇಂಥ ಭಯ ಇದೆಯೆಂದು ಗೊತ್ತಿದ್ದೇ ಆ ಬೀಗತಿ ಅದನ್ನು ಬಳಸಿದಳು. ಅದಕ್ಕೇ ನನ್ನ ಹೊಟ್ಟೆ ಉರಿದದ್ದು.

ಅಂದಿನಿಂದ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೂಸನ್ನು ಪಕ್ಕದಲ್ಲಿಟ್ಟರೆ ಹಾಲು ಕುಡಿಸುವಳು, ಎತ್ತಿಕೊಂಡರೆ ಬಿಡುವಳು. ಉಂಡಿ ಕೊಟ್ಟರೆ ತಿನ್ನುವಳು, ಕೊಡದಿದ್ದರೆ ಕೇಳಳು. ಮಾತು ಹೂಂ, ಉಹೂಂ ಎರಡಕ್ಕೆ ಇಳಿಯಿತು. ಕೂಸು ನಿದ್ದೆಯಲ್ಲಿ ನಕ್ಕರೆ ನಾನು "ನೋಡಬೇ, ನೋಡಬೇ" ಎಂದು ಕುಣಿಯುತ್ತಿದ್ದೆ. ಅವಳು ಗೋಡೆಯ ಸುಣ್ಣವನ್ನೇ ನೋಡುತ್ತಿದ್ದಳು. ದವಾಖಾನೆಗೆ ಕರೆದುಕೊಂಡು ಹೋದರೆ ಡಾಕ್ಟರಮ್ಮ ಎಲ್ಲ ನೋಡಿ, ಮೈ ಚೆನ್ನಾಗಿದೆ, ಮನಸ್ಸು ಜೋಪಾನ ಮಾಡಿ, ಹೀಗೇ ಇದ್ದರೆ ತಡಮಾಡದೆ ಕರೆತನ್ನಿ ಎಂದರು.

ಮನಸ್ಸು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕ, ಹರಿದ ರಟ್ಟು ಹೊದ್ದುಕೊಂಡು ಕೂತಿತ್ತು.

ಮನೆಯವರಿಗೆ ಹೇಳಿದೆ. ಅವರು ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದರು.

"ಹಿರೇರು ಹೇಳ್ಯಾರ, ಬಿಡು. ನಾಕ ತಿಂಗಳದ ಮಾತು."

"ನಿಮಗ ನಾಕ ತಿಂಗಳ ತಂಬಾಕ ಬಿಡಂತ ಆಣಿ ಹಾಕಲೇನು?"

ಅವರು ಕಾಲು ಅರ್ಧ ತೊಳೆದು ಎದ್ದು ಹೋದರು.

ಮರುದಿನ ಮಧ್ಯಾಹ್ನ ಹೊರಸಿನ ಪಕ್ಕ ಕುಳಿತು ಕೌದಿ ಬಿಚ್ಚಿದೆ. ನಾಲ್ಕು ಹೊಲಿಗೆ ಹಾಕಿದೆ, ಸೂಜಿ ಮುಂದೆ ಹೋಗಲಿಲ್ಲ. ಮನೆ ಅಷ್ಟು ಸುಮ್ಮನಿತ್ತು. ಆಗ ತಲೆಗೆ ಹೊಳೆಯಿತು: ಬೀಗತಿ ಆಣೆ ಹಾಕಿಸಿದ್ದು ಮಗಳ ಕಣ್ಣಿಗೆ. ಕಿವಿಗೆ ಅಲ್ಲ. ನನ್ನ ಬಾಯಿಗಂತೂ ಅಲ್ಲವೇ ಅಲ್ಲ.

ಎದ್ದು ಪುಸ್ತಕ ತಂದೆ. ಮಗಳು ಗುರುತು ಮಾಡಿಟ್ಟ ಕಡೆ ತೆರೆದೆ. ಬೆರಳು ಇಟ್ಟೆ. ಓದಿದೆ.

ಕಿವಿಯಲ್ಲಿ ಅರಳೆ, ಮೇಲೆ ನಾನೇ ಬಿಗಿದ ಅರಿವೆ, ಅವಳಿಗೆ ಹೇಗೆ ಕೇಳಿಸಬೇಕು? ದನಿ ಏರಿಸಿದೆ. ಇನ್ನೂ ಏರಿಸಿದೆ. ಮೊದಲೇ ನನ್ನದು ಹೊಲದಲ್ಲಿ ಆಳು ಕೂಗುವ ದನಿ. "ತ-ಮ್ಮ-ನು ಪೇ-ಟೆ-ಯಿಂ-ದ ಬಂದನು" ಎಂದು ನಾನು ಕಿರುಚುತ್ತಿದ್ದರೆ ಎದುರು ಮನೆಯ ಮುದುಕಿ ಕೋಲು ಊರಿಕೊಂಡು ಓಡಿಬಂದಳು.

"ಏನಾತಬೇ? ಯಾರ ತಮ್ಮ ಬಂದ? ಯಾಕ ಹಿಂಗ ಒದರ್ತಿ?"

"ಪುಸ್ತಕದಾಗಿನ ತಮ್ಮ."

"ಹೌದಾ? ಚಲೋ ಹುಡುಗನೇನು?"

"ಕೆಟ್ಟ ಹಾದರಗಿತ್ತಿ ಮಗ ಅವ."

ಮುದುಕಿ ಕೋಲು ಪಕ್ಕಕ್ಕಿಟ್ಟು ಕುಳಿತುಬಿಟ್ಟಳು. ಮರುದಿನ ಹಿಟ್ಟಿನ ಗಿರಣಿ ಮನೆಯಾಕೆ ಬಂದಳು. ಅದರ ಮರುದಿನ, ಓಣಿಗೆ ಸವಡಿಯಿಂದ ಬಂದ ಹೊಸ ಸೊಸೆಯೊಬ್ಬಳು ಅತ್ತೆಯ ಕಣ್ಣು ತಪ್ಪಿಸಿ ಬಂದಳು, ಅವಳನ್ನು ಹುಡುಕುತ್ತ ಬಂದ ಅತ್ತೆಯೂ ಕುಳಿತಳು. ಸುಮ್ಮನೆ ಬಂದು ನನ್ನ ಮನೆಯ ನೆಲ ಸವೆಸುವವರನ್ನು ಕಂಡರೆ ನನಗೆ ಆಗುವುದಿಲ್ಲ. "ಕೇಳಾಕ ಬಂದವ್ರು ಬರಿಗೈಲೆ ಕುಂಡ್ರಬ್ಯಾಡ್ರಿ, ಸೂಜಿ ಹಿಡೀರಿ" ಎಂದು ಕೌದಿಯನ್ನು ನಡುವೆ ಹರವಿದೆ. ನಾನು ಓದುವಾಗ ಅವರು ಹೊಲಿಯತೊಡಗಿದರು. ಅದರಲ್ಲೂ ನನಗೆ ಸಂಕಟವೇ. ಗಿರಣಿ ಮನೆಯಾಕೆಯ ಹೊಲಿಗೆ ಹೆಜ್ಜೆಗೊಂದರಂತೆ ಬೀಳುತ್ತಿತ್ತು, ಕಾಲ್ಬೆರಳು ತೂರುವಷ್ಟು ಅಗಲ. ಓದುವುದನ್ನು ನಿಲ್ಲಿಸಿ, "ಅದು ಕೂಸಿನ ಕೌದಿ, ಮೀನ ಹಿಡಿಯೂ ಬಲಿ ಅಲ್ಲ" ಎಂದೆ. "ನೀ ಓದು, ಅವನ ಹೊಲ ಏನಾತು ಹೇಳು" ಎಂದಳು ಆಕೆ, ಮುಖ ಕೂಡ ಎತ್ತದೆ.

ಮಗಳು? ಮಗಳು ಗೋಡೆಯ ಕಡೆಗೇ ಮಲಗಿದ್ದಳು. ಕೇಳಿಸುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಇಷ್ಟು ಜನಕ್ಕೆ ಕೇಳಿಸಿ ಯಾರಿಗೆ ಕೇಳಿಸಬೇಕೋ ಅವಳಿಗೇ ಕೇಳಿಸದಿದ್ದರೆ ಏನು ಬಂತು ಎಂದು ನನಗೆ ಗಂಟಲಿನ ನೋವಿನ ಜೊತೆ ಅಳುವೂ ಬರುತ್ತಿತ್ತು. ಅಳಲಿಲ್ಲ. ಬರೆದವನನ್ನು ಬೈದೆ.

ಒಂದು ದಿನ ಕತೆಯಲ್ಲಿ ಅಣ್ಣ ಸತ್ತ. ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಸಿದವನು ಏಳಲಿಲ್ಲ. ಓದುವಷ್ಟರಲ್ಲಿ ನನ್ನ ಕಣ್ಣು ಮಂಜಾಯಿತು. ಮುದುಕಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಸವಡಿಯ ಸೊಸೆ ಬಿಕ್ಕಿ ಅತ್ತಳು, ಅವಳ ಅತ್ತೆ "ಸಾಕು ಸುಮ್ಮನಾಗು, ನಿನ್ನ ಗಂಡ ಗಟ್ಟಿ ಅದಾನ" ಎಂದಳು. ಯಾರೂ ಚಹಾ ಕುಡಿಯಲಿಲ್ಲ. ಸಾವಿನ ಮನೆಯಿಂದ ಎದ್ದ ಹಾಗೆ, ಹೋಗಿ ಬರುತ್ತೇವೆ ಎಂದು ಕೂಡ ಹೇಳದೆ ಎದ್ದು ಹೋದರು.

ಮರುದಿನ ಎಲ್ಲರೂ ಬೇಗ ಬಂದರು. ನಾನು ಬೆರಳಿಗೆ ಉಗುಳು ಹಚ್ಚಿ ಹಾಳೆ ಹೊರಳಿಸಿ ಶುರು ಮಾಡಿದೆ.

"ಅ-ಣ್ಣ-ನು ಕೈ ತೊಳೆದು ಊಟಕ್ಕೆ ಕುಳಿ-ತನು. 'ಇನ್ನೊಂ-ದು ರೊಟ್ಟಿ ಹಾಕು' ಎಂದನು."

ಎಲ್ಲರ ಸೂಜಿಯೂ ನಿಂತಿತು.

"ಯಾವ ಅಣ್ಣ?" ಎಂದಳು ಗಿರಣಿ ಮನೆಯಾಕೆ.

"ಒಬ್ಬಾವನ ಅಣ್ಣ ಇರೂದು."

"ನಿನ್ನೆ ಸತ್ತನಲ್ಲ?"

"ಸತ್ತಾನ. ನಾನ ಓದೀನಿ."

"ಹಂಗಾರ ಸತ್ತವ್ರ ದಿನದ ಊಟ ಇರಬೇಕು" ಎಂದಳು ಸವಡಿಯ ಸೊಸೆಯ ಅತ್ತೆ. "ಅವನ ಹೆಸರಲೆ ಎಡಿ ಹಿಡದಾರ."

"ಎಡಿ ಹಿಡದ್ರ ಬಾಯಿಬಿಟ್ಟು ಇನ್ನೊಂದು ರೊಟ್ಟಿ ಕೇಳ್ತಾನೇನ?"

ಮುದುಕಿ ತಲೆಯಾಡಿಸಿದಳು. "ಕೇಳ್ತಾನ. ಜೀವ ಇರೂತನಕಾ ಬರೇ ಮಜ್ಜಿಗಿ ಹಾಕ್ಯಾರ. ಹೊಟ್ಟಿ ತುಂಬದವ್ರು ಹಂಗ ಬರ್ತಾರ."

ನನಗೂ ಅದು ಸರಿ ಎನ್ನಿಸಿತು. ಓದಿದೆ. ಸತ್ತವನು ರೊಟ್ಟಿ ತಿಂದ, ಎತ್ತಿಗೆ ನೀರು ಕುಡಿಸಿದ, ಹೆಂಡತಿಗೆ ಹೂವು ತಂದು ಕೊಟ್ಟ. ಹೆಂಡತಿ ನಾಚಿದಳು. ಗಿರಣಿ ಮನೆಯಾಕೆ "ಏ, ದೆವ್ವದ ಮುಂದ ನಾಚತಾಳಲ್ಲ ಇಕಿ!" ಎಂದು ಸೂಜಿಯನ್ನು ನೆಲಕ್ಕೆ ಕುಕ್ಕಿದಳು. ನನಗೂ ತಾಳ್ಮೆ ಕೆಟ್ಟಿತು. "ಬರದಾವಗ ತಲಿ ಇಲ್ಲ! ಕೊಂದ ಮ್ಯಾಲೆ ಕೊಂದಂಗಿರಬೇಕು! ನಿನ್ನೆ ನಮ್ಮನ್ನ ಅಳಿಸಿ ಇವತ್ತ ರೊಟ್ಟಿ ತಿನಸ್ತಾನ!" ಎಂದು ಪುಸ್ತಕವನ್ನು ಮಡಿಲಿಗೆ ಬಡಿದೆ.

ಹೊರಸು ಅಲುಗಿತು.

ಮೊದಲು ಕೂಸು ಎದ್ದಿತು ಎಂದುಕೊಂಡೆ. ಅಲ್ಲ. ಮಗಳ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದು ಹೊರಸಿನ ಕಡೆ ಸರಿದೆ. ಅವಳು ಈ ಕಡೆ ಹೊರಳಿದಳು. ನಗುತ್ತಿದ್ದಳು. ನಗೆ ಉಸಿರಿಗೆ ಅಡ್ಡಬಂದು, ಕಣ್ಣಲ್ಲಿ ನೀರು ಬಂದು, ಮಾತಾಡಲಿಕ್ಕೇ ಆಗದೆ ಕೈಯನ್ನು ಗಾಳಿಯಲ್ಲಿ ಆಡಿಸಿದಳು.

"ಯವ್ವಾ... ಎರಡು ಹಾಳಿ... ಕೂಡೇ ಹೊಳ್ಳಿಸೀ... ನೋಡು..."

ಉಗುಳು ಹೆಚ್ಚಾಗಿ ಹಾಳೆಗಳು ಅಂಟಿಕೊಂಡಿದ್ದವು. ಬಿಡಿಸಿ ನೋಡಿದರೆ ಹೌದು, ನಡುವೆ ಎರಡು ಪುಟ ಉಳಿದಿದ್ದವು. ಅಲ್ಲಿ ವಿಧವೆಯಾದ ಹೆಂಡತಿ ಒಲೆಯ ಮುಂದೆ ಕುಳಿತು ಗಂಡ ಇದ್ದ ದಿನಗಳನ್ನು ನೆನೆಯಲು ಶುರು ಮಾಡಿದ್ದಳು. ರೊಟ್ಟಿ, ಎತ್ತು, ಹೂವು ಎಲ್ಲ ಅವಳ ನೆನಪು.

ಮನೆ ಹಾರಿಹೋಗುವ ಹಾಗೆ ನಗೆ ಎದ್ದಿತು. ಕೂಸು ಬೆಚ್ಚಿ ಅತ್ತಿತು. ಯಾರಾದರೂ ಎತ್ತಿಕೊಡುವ ಮೊದಲೇ ಮಗಳು ತಾನೇ ಅದನ್ನು ಬಾಚಿ ಎದೆಗೆ ಒತ್ತಿಕೊಂಡಳು, "ಅಜ್ಜಿ ಸತ್ತವಗ ರೊಟ್ಟಿ ತಿನಿಸಿದ್ಲವ್ವ, ಕೇಳಿದೇನು" ಎಂದು ಅದಕ್ಕೆ ಹೇಳಿದಳು. ಇಷ್ಟು ದಿನ ಅವಳು ಕೂಸಿನ ಜೊತೆ ಒಂದು ಮಾತೂ ಆಡಿರಲಿಲ್ಲ.

ನನಗೆ ಎಷ್ಟು ಸಿಟ್ಟು ಬಂತೆಂದರೆ! "ಇಷ್ಟು ದಿನಾ ಬಾಯಿ ಹೊಲಕೊಂಡು ಬಿದ್ದಿದ್ದೆಲ್ಲ, ನನ್ನ ಗಂಟ್ಲಾ ಹರದು ಹೋತಲ್ಲ" ಎಂದು ಬೈದೆ, ಬೈಯುತ್ತಲೇ ಅವಳ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದೆ. ಅಡಿಗೆ ಮನೆಗೆ ಹೋಗಿ ಎಲ್ಲರಿಗೂ ಚಹಾ ಇಟ್ಟೆ. ಸಕ್ಕರೆ ಎರಡು ಸಲ ಹಾಕಿದೆ.

ಅಲ್ಲಿಂದ ಅವಳು ಈ ಕಡೆ ಮುಖ ಮಾಡಿ ಮಲಗಿದಳು. ಆದರೆ ಆಣೆ ಹಾಗೇ ಇತ್ತು. ಕಠಿಣ ಶಬ್ದ ಬಂದಾಗ ನಾನು ಮರೆತು ಪುಸ್ತಕವನ್ನು ಅವಳ ಮುಂದೆ ಹಿಡಿದರೆ ಅವಳು ಕಣ್ಣು ಗಟ್ಟಿಯಾಗಿ ಮುಚ್ಚುವಳು, "ಅಕ್ಷರ ಒಂದೊಂದ ಹೇಳು" ಎನ್ನುವಳು. ನಾನು ಹೇಳಿದರೆ ಕಣ್ಣು ಮುಚ್ಚಿಯೇ ಕೂಡಿಸಿ ಶಬ್ದ ಮಾಡಿ ಕೊಡುವಳು. ಒಮ್ಮೆ ಹಾಗೇ ಕಣ್ಣು ಮುಚ್ಚಿಕೊಂಡು ಹಾಳೆಯ ಮೇಲೆ ಅಂಗೈ ಆಡಿಸಿದಳು. ಅದನ್ನು ನೋಡಿದ ದಿನ ನಾನು ನಿಶ್ಚಯ ಮಾಡಿದೆ, ಈ ಆಣೆ ಗಜೇಂದ್ರಗಡದವರೆಗೆ ಹೋಗಕೂಡದು. ಹಾಕಿದವಳು ನನ್ನ ಪಡಸಾಲೆಯಲ್ಲೇ ಅದನ್ನು ಬಿಡಿಸಿ ಹೋಗಬೇಕು.

ತಿಂಗಳು ಕಳೆದ ಮೇಲೆ ತೊಟ್ಟಿಲಿಗೆ ಹಾಕುವ ಕಾರ್ಯ ಇಟ್ಟುಕೊಂಡೆವು. ಬೀಗತಿ ಬಂದಳು. ಹೆಸರಿಟ್ಟದ್ದಾಯಿತು, ಗುಗ್ಗರಿ ಹಂಚಿದ್ದಾಯಿತು, ಉಂಡದ್ದಾಯಿತು. ಗಂಡಸರು ಹೊರಗೆ ಬೇವಿನ ಮರದ ಕೆಳಗೆ ಅಡ್ಡಾದರು. ಹೊತ್ತಿಗೆ ಸರಿಯಾಗಿ ಓಣಿಯ ಹೆಣ್ಣುಮಕ್ಕಳು ಸೂಜಿ ಹಿಡಿದು ಬಂದರು. ಕತೆ ಕಡೆಗೆ ಬಂದಿತ್ತು. ವಿಧವೆ ತನ್ನ ಪಾಲಿನ ಹೊಲ ಕೇಳಲು ಪಂಚರ ಮುಂದೆ ನಿಲ್ಲುವ ದಿನ ಅದು.

"ಇದೇನು ಮಂದಿ?" ಎಂದಳು ಬೀಗತಿ.

"ಕೌದಿ ಹೊಲ್ಯಾಕ ಬರ್ತಾರ್ರಿ. ನಾ ಸುಮ್ಮನ ಏನರ ಓದ್ತೀನಿ. ನೀವು ಮಲಗ್ರಿ ಅಕ್ಕಾರ, ದಣದೀರಿ."

ಅವಳು ಮಲಗಲಿಲ್ಲ. ಗೋಡೆಗೆ ಒರಗಿ, ಕೇಳುತ್ತಿಲ್ಲವೆಂಬ ಹಾಗೆ ಬಳೆ ತಿರುವುತ್ತ ಕುಳಿತಳು. ನಾನು ಓದಿದೆ. ಸ್ವಲ್ಪ ಹೊತ್ತಿಗೆ ಬಳೆಯ ಸದ್ದು ನಿಂತಿತು. ಇನ್ನೂ ಸ್ವಲ್ಪ ಹೊತ್ತಿಗೆ, "ಆ ತಮ್ಮ ಯಾರ ಮಗ?" ಎಂದು ಮುದುಕಿಯನ್ನು ಕೇಳಿದಳು. ಮುದುಕಿ ಕತೆಯನ್ನೆಲ್ಲ ಅವಳ ಕಿವಿಗೆ ಸುರಿದಳು. ಪಂಚರು ಕುಳಿತರು. ವಿಧವೆ ಸೆರಗು ಬಿಗಿದು ಎದ್ದು ನಿಂತಳು. ಬೀಗತಿ ಕನ್ನಡಕ ಮೇಲೇರಿಸಿ ಮುಂದೆ ಬಾಗಿದಳು.

"ಅ-ವ-ಳು... ಪಂ-ಚ-ರ ಕ-ಡೆ-ಗೆ... ದೃ... ದೃ-ಷ್ಟಿ..."

ಅಲ್ಲಿ ನಾನು ನಿಂತೆ. ಅರ್ಧ ಖರೇ ತಡವರಿಕೆ, ಅರ್ಧ ನನ್ನ ಸಿಟ್ಟು. ಪುಸ್ತಕವನ್ನು ಬೋರಲು ಹಾಕಿ, "ಹಾಲು ಉಕ್ಕತೈತೇನ, ನೋಡಿ ಬರ್ತೀನಿ" ಎಂದು ಎದ್ದೆ. ಒಲೆಯ ಮೇಲೆ ಹಾಲು ಇರಲೇ ಇಲ್ಲ. ಬಂದು ಮತ್ತೆ ಕುಳಿತೆ, ಸಾಲು ಹುಡುಕಿದೆ, ಕಣ್ಣು ಒರೆಸಿಕೊಂಡೆ, ಮತ್ತೆ "ಅ-ವ-ಳು" ಎಂದು ಮೊದಲಿನಿಂದ ಹಿಡಿದೆ.

"ಅಯ್ಯ, ಸಂಜಿ ಆಗತೈತಿ!" ಎಂದು ಬೀಗತಿ ಚೀರಿದಳು. "ನನ್ನ ಬಸ್ಸಾ ಹೊಕ್ಕತಿ! ಆ ಹೆಣಮಗಳಿಗೆ ಹೊಲ ಸಿಗತೈತೋ ಇಲ್ಲೋ? ಆಕಿ ಕೈಯಾಗ ಕೊಡ್ರಿ, ಲಗೂ ಓದ್ತಾಳ!"

ಆಕೆ ಎಂದು ಬೆರಳು ಮಾಡಿದ್ದು ಸೊಸೆಯ ಕಡೆಗೆ.

ಎಲ್ಲರ ಸೂಜಿಯೂ ಬಟ್ಟೆಯಲ್ಲಿ ಅರ್ಧಕ್ಕೆ ನಿಂತಿತ್ತು. ಮಗಳು ಮೆಲ್ಲಗೆ, "ಅತ್ತೀ, ಆಣಿ ಐತ್ರಿ" ಎಂದಳು.

ಬೀಗತಿಯ ಮುಖ ಕೆಂಪಾಯಿತು. ನಾನು ಪುಸ್ತಕ ಹಿಡಿದುಕೊಂಡೇ ಅವಳ ಮುಂದೆ ಕುಳಿತೆ. ಎಷ್ಟೋ ದಿನದಿಂದ ಹಲ್ಲಿನ ಸಂದಿಯಲ್ಲಿ ಹಿಡಿದಿದ್ದ ಮಾತೆಲ್ಲ ಹೊರಬಂತು.

"ಆಣಿ ಹಾಕೂವಾಗ ನಾಲಿಗಿ ಎಷ್ಟು ಲಗೂ ಹೊರಳಿತ್ರಿ ಅಕ್ಕಾರ! ನನ್ನ ಮಗಳು ಆ ಗ್ವಾಡಿ ನೋಡಿ ನೋಡಿ ಸುಣ್ಣಾ ಸವಿಸ್ಯಾಳ. ಹೆತ್ತ ಕೂಸಿನ ಮಾರಿ ನೋಡಿಲ್ಲ. ಕಣ್ಣು ಉಳಸಾಕ ಹೋಗಿ ಆಕಿನ್ನ ಕಳಕೋತಿದ್ವಿ. ನಿಮಗ ಒಂದು ತಾಸು ಕತಿ ನಿಂತ್ರ ಬಸ್ಸು ಬಿಟ್ಟಂಗ ಆಗತೈತಿ, ಆಕಿಗೆ ತಿಂಗಳಪೂರ್ತಿ ನಿಲ್ಲಿಸಿದ್ರೆಲ್ಲ!"

ಬೀಗತಿ ಎದ್ದು ಹೋದಾಳು, ತೊಟ್ಟಿಲ ಕಾರ್ಯವೇ ಜಗಳದಲ್ಲಿ ಮುಗಿದೀತು ಎಂದು ಎಲ್ಲರೂ ಅಂದುಕೊಂಡರು. ಅವಳು ಕನ್ನಡಕ ತೆಗೆದಳು. ಗಾಜಿಲ್ಲದ ಆ ಕಣ್ಣುಗಳು ಎಲ್ಲಿಯೋ ನೋಡುತ್ತಿದ್ದವು.

"ನಾ ಚೊಚ್ಚಲ ಬಾಣಂತಿ ಇದ್ದಾಗ ಅಂಗಡಿ ಕುಬಸ ಹೊಲಿಯಾಕ ಹಚ್ಚಿದ್ರು. ಹಸಿ ಮೈಲೆ ಹೊಲದೀನಿ. ಅವಾಗಿಂದ ಹಿಂಗ. ಆಕಿಗೆ ಆಗಬಾರ್ದು ಅಂತ ಹೇಳೀನಿ."

"ಅದನ್ನ ಹೇಳಬೇಕಿತ್ತು. ಕೂಸಿನ ತಲಿ ಯಾಕ ಮುಟ್ಟಸಿದ್ರಿ?"

"ಹೇಳಿದ್ರ ಯಾರು ಕೇಳ್ತಾರ?" ಎಂದಳು. ಆ ಮಾತು ಖರೇ ಎನ್ನಿಸಿದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಅವಳು ತೊಟ್ಟಿಲ ಹತ್ತಿರ ಹೋದಳು. ನೆಲಕ್ಕೆ ಮೊಣಕಾಲೂರಿ ಕೂಸಿನ ನೆತ್ತಿಯ ಮೇಲೆ ತನ್ನ ಕೈ ಇಟ್ಟಳು. "ನಾ ಹಾಕಿದ ಆಣಿ ನಾನ ಬಿಡಿಸೀನಿ. ಈ ಕೂಸಿಗೆ, ಇದರ ತಾಯಿಗೆ ಏನೂ ತಗಲಬಾರ್ದು." ಆಮೇಲೆ ಸೊಸೆಯ ಕಡೆ ತಿರುಗಿ, "ಬೆಳಕ ಬರೂ ಕಡೆ ಕುಂತು ಓದು. ಕಣ್ಣು ಉರಿದ್ರ ನಿಲ್ಲಸು" ಎಂದಳು.

ಮಗಳು ಪುಸ್ತಕ ಇಸಿದುಕೊಂಡಳು. ಬಾಗಿಲ ಕಡೆಗೆ ಸರಿದು ಕುಳಿತಳು. ಮೊದಲ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಳು, ನಾನು ತುಟಿ ನೋಡಿದೆ. ಆಮೇಲೆ ದನಿ ಬಂತು. ನನ್ನ ಕಲ್ಲುದಾರಿಯಲ್ಲಿ ಕುಂಟುತ್ತಿದ್ದ ಆ ವಿಧವೆ ಅವಳ ಬಾಯಲ್ಲಿ ಎದ್ದು ನಿಂತು ಪಂಚರ ಬೆವರಿಳಿಸಿದಳು. ಹೊಲ ಸಿಕ್ಕಿತು. ಗಿರಣಿ ಮನೆಯಾಕೆ ಚಪ್ಪಾಳೆ ತಟ್ಟಿದಳು. ಬೀಗತಿಯ ಬಸ್ಸು ಹೋಯಿತು, ಅವತ್ತು ನಮ್ಮಲ್ಲೇ ಉಳಿದಳು. ಮುಗಿಯದ ಕೌದಿಯನ್ನೇ ಹೊದ್ದಳು. ಹೊಲಿಗೆ ಚಲೋ ಇದೆ ಎಂದು ಒಂದು ಮಾತು ಹೇಳಲಿಲ್ಲ.

ಐದನೆಯ ತಿಂಗಳಲ್ಲಿ ಮಗಳನ್ನೂ ಮೊಮ್ಮಗಳನ್ನೂ ಗಜೇಂದ್ರಗಡಕ್ಕೆ ಕಳಿಸಿದೆವು. ತೊಟ್ಟಿಲು, ಕೌದಿ, ಕುಂಚಿಗೆ ಎಲ್ಲ ಗಾಡಿಯಲ್ಲಿ ಹೇರಿ, ಪುಸ್ತಕದ ಎರಡು ಚೀಲಗಳನ್ನು ನಾನೇ ಕೈಯಾರೆ ಎಲ್ಲಕ್ಕಿಂತ ಮೇಲೆ ಇಟ್ಟೆ, ಗಡದ ಪೇಟೆಯಲ್ಲಿ ಎಲ್ಲರಿಗೂ ಕಾಣಲಿ ಎಂದು. ಕೂಸು ಈಗ ಬೋರಲು ಬೀಳುತ್ತದಂತೆ. ಅದನ್ನು ನೋಡಲು ನಾನು ಅಲ್ಲಿ ಇಲ್ಲ ಎಂದು ಗಾಡಿಯ ಮೇಲೂ ಸಿಟ್ಟು, ರಸ್ತೆಯ ಮೇಲೂ ಸಿಟ್ಟು.

ಮೊನ್ನೆ ಬೀಗತಿ ಫೋನ್ ಮಾಡಿದಳು.

"ಅಕ್ಕಾರ, ನಿಮ್ಮ ಮಗಳಿಗೆ ಒಂದೀಟು ಬುದ್ಧಿ ಹೇಳ್ರಿ."

ನನ್ನ ಮೈ ಉರಿಯಿತು. "ಮತ್ತೇನಾತ್ರಿ?"

"ಮಧ್ಯಾಹ್ನ ಪುಸ್ತಕ ಹಿಡದು ಕುಂಡ್ರತಾಳ. ಪಿಟಕ್ಕ ಅನ್ನೂದಿಲ್ಲ. ತಾನ ತಾನ ಓದ್ಕೊಂತಾಳ, ನಡುನಡುವ ನಗ್ತಾಳ. ನಮಗ ಹ್ಯಾಂಗ ತಿಳೀಬೇಕು ಒಳಗ ಏನ ನಡದೈತಿ ಅಂತ? ಜೋರಾಗಿ ಓದು ಅನ್ರಿ."

"ನೀವ ಕೇಳ್ರಿ" ಎಂದೆ. "ಆಣಿ ಹಾಕಬ್ಯಾಡ್ರಿ. ಬಾಯಿಲೆ ಕೇಳ್ರಿ."

ಆಮೇಲೆ ಫೋನನ್ನು ಕಿವಿಯಿಂದ ತೆಗೆದು ಒಳಗಿನ ಕೋಣೆಗೆ ಕೇಳುವ ಹಾಗೆ ಅವಳು ಕೂಗಿದ್ದು ನನಗೂ ಕೇಳಿಸಿತು: "ಏ ಹುಡುಗಿ, ಒಂದೀಟು ಜೋರಾಗಿ ಓದವ್ವ. ನಾನೂ ಅದೀನಿ ಇಲ್ಲೆ."